ಒಂದು ಅಗುಳು ಸಾಕಾಗದ ಗಡ್ಡೆ: ಮೂತ್ರಕೋಶದ ಕ್ಯಾನ್ಸರ್‌ಗೆ ‘ಅವರವರಿಗೆ ತಕ್ಕ ಚಿಕಿತ್ಸೆ’ ಯಾಕಿಷ್ಟು ಕಷ್ಟ?

ಅಟೆಜೊಲಿಜುಮ್ಯಾಬ್ ಅನ್ನುವುದು ಒಂದು ಇಮ್ಯುನೊಥೆರಪಿ ಔಷಧ, ಅಂದರೆ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವಂಥದ್ದು. 2016ರಲ್ಲಿ ಅಮೆರಿಕ ಇದನ್ನು ಹರಡಿದ ಮೂತ್ರಕೋಶದ ಕ್ಯಾನ್ಸರ್‌ಗೆ ಬಳಸಲು ತ್ವರಿತ ಅನುಮತಿ ಕೊಟ್ಟಿತು. ಆಮೇಲೆ ನಡೆದ ದೊಡ್ಡ ಪರೀಕ್ಷೆಯಲ್ಲಿ ಔಷಧ ನಿರೀಕ್ಷೆ ಮುಟ್ಟಲಿಲ್ಲ. 2021 ಮತ್ತು 2022ರಲ್ಲಿ ಕಂಪನಿ ಅಮೆರಿಕದಲ್ಲಿ ಈ ಕಾಯಿಲೆಯ ಬಳಕೆಯನ್ನು ವಾಪಸ್ ತೆಗೆದುಕೊಂಡಿತು. ಆಪರೇಷನ್ ಆದ ಮೇಲೆ ಕ್ಯಾನ್ಸರ್ ಮತ್ತೆ ಬರದಂತೆ ತಡೆಯಲು ಕೊಟ್ಟು ನೋಡಿದ ಪರೀಕ್ಷೆಯೂ ಸೋತಿತ್ತು. ಅಲ್ಲಿಗೆ ಕಥೆ ಮುಗಿಯಿತು ಎಂದುಕೊಂಡರು.

2025ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ಯುರೋಪಿನ ಕ್ಯಾನ್ಸರ್ ತಜ್ಞರ ಎಸ್ಮೊ ಸಮ್ಮೇಳನ ನಡೆಯಿತು. ಅಲ್ಲಿ ಇದೇ ಔಷಧ, ಇದೇ ಆಪರೇಷನ್ ನಂತರದ ಹಂತದಲ್ಲಿ, ರೋಗಿಗಳ ಆಯಸ್ಸು ಹೆಚ್ಚಿಸಿತು ಎಂಬ ಫಲಿತಾಂಶ ಬಂತು. ಔಷಧ ಬದಲಾಗಿರಲಿಲ್ಲ. ಯಾರಿಗೆ ಕೊಡಬೇಕು ಎಂದು ಆರಿಸುವ ರೀತಿ ಮಾತ್ರ ಬದಲಾಗಿತ್ತು. ಅದೇ ಸಮ್ಮೇಳನದಲ್ಲಿ ಇನ್ನೊಂದು ಸುದ್ದಿಯೂ ಬಂತು. ಯಾವ ಜೀನ್ ಪರೀಕ್ಷೆಯನ್ನೂ ಮಾಡದೆ ಎರಡು ಔಷಧಗಳ ಜೋಡಿಯೊಂದನ್ನು ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಜನರ ಗಡ್ಡೆ ಪೂರ್ತಿ ಮಾಯವಾಗಿತ್ತು.

ಹಾಗಾದರೆ ಯಾವುದು ಸರಿ? ಪರೀಕ್ಷೆ ಮಾಡಿ ಆರಿಸಬೇಕಾ, ಎಲ್ಲರಿಗೂ ಕೊಟ್ಟುಬಿಡಬೇಕಾ? ಬಿಟ್ಟುಬಿಟ್ಟ ಔಷಧ ವಾಪಸ್ ಬಂದು ಗೆಲ್ಲುವುದು ಹೇಗೆ? ಈ ಗೊಂದಲದ ಬೇರು ಗಡ್ಡೆಯ ಒಳಗೇ ಇದೆ.

ಅನ್ನ ಬೆಂದಿದೆಯಾ ಎಂದು ನೋಡಲು ಒಂದು ಅಗುಳು ಸಾಕು ಎನ್ನುತ್ತೇವೆ. ಬಯಾಪ್ಸಿಯ ಹಿಂದೆಯೂ ಇದೇ ನಂಬಿಕೆ ಇದೆ. ಒಂದು ಚೂರು ತೆಗೆದು ನೋಡಿದರೆ ಇಡೀ ಗಡ್ಡೆ ಏನೆಂದು ಗೊತ್ತಾಗುತ್ತದೆ ಎಂದು. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳಲು ಆ ಚೂರು ಬಹುತೇಕ ಸಾಕು. ಯಾವ ಔಷಧ ಕೆಲಸ ಮಾಡುತ್ತದೆ ಎಂದು ಹೇಳಲು ಸಾಕಾಗುವುದಿಲ್ಲ. ಮೂತ್ರಕೋಶದ ಕ್ಯಾನ್ಸರ್‌ನಲ್ಲಂತೂ ಒಂದು ಅಗುಳು ಬೆಂದಿದ್ದರೆ ಪಕ್ಕದ್ದು ಅಕ್ಕಿಯಾಗಿಯೇ ಇರಬಹುದು.

ಯಾವ ಕಾಯಿಲೆ ಇದು

ಮೂತ್ರ ತುಂಬಿಕೊಳ್ಳುವ ಚೀಲವೇ ಮೂತ್ರಕೋಶ. ಹತ್ತರಲ್ಲಿ ಒಂಬತ್ತು ಸಲ ಕ್ಯಾನ್ಸರ್ ಶುರುವಾಗುವುದು ಅದರ ಒಳಗಿನ ತೆಳು ಪದರದಲ್ಲಿ. 2022ರಲ್ಲಿ ಜಗತ್ತಿನಲ್ಲಿ ಸುಮಾರು 6.1 ಲಕ್ಷ ಜನರಿಗೆ ಹೊಸದಾಗಿ ಈ ಕಾಯಿಲೆ ಬಂತು, ಸುಮಾರು 2.2 ಲಕ್ಷ ಜನ ತೀರಿಕೊಂಡರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜು. ಹೆಂಗಸರಿಗಿಂತ ಗಂಡಸರಲ್ಲಿ ಮೂರು ನಾಲ್ಕು ಪಟ್ಟು ಜಾಸ್ತಿ.

ದೊಡ್ಡ ಕಾರಣ ತಂಬಾಕು. ಸುಮಾರು ಅರ್ಧದಷ್ಟು ಪ್ರಕರಣಗಳ ಹಿಂದೆ ಬೀಡಿ, ಸಿಗರೇಟಿನ ಹೊಗೆ ಇದೆ. ಹೊಗೆ ಎಳೆದದ್ದು ಶ್ವಾಸಕೋಶಕ್ಕೆ ಅಲ್ವಾ, ಮೂತ್ರಕೋಶಕ್ಕೆ ಹೇಗೆ ಹೋಯಿತು ಎಂದು ಅನೇಕರು ಕೇಳುತ್ತಾರೆ. ಹೊಗೆಯ ವಿಷ ರಕ್ತಕ್ಕೆ ಸೇರುತ್ತದೆ. ರಕ್ತವನ್ನು ಸೋಸುವ ಮೂತ್ರಪಿಂಡ ಅದನ್ನು ಮೂತ್ರಕ್ಕೆ ಬಿಡುತ್ತದೆ. ಆ ಮೂತ್ರ ಗಂಟೆಗಟ್ಟಲೆ ಚೀಲದಲ್ಲಿ ನಿಂತಿರುತ್ತದೆ. ಬಣ್ಣದ ಕಾರ್ಖಾನೆಗಳ ಕಾರ್ಮಿಕರಿಗೂ ಇದೇ ದಾರಿಯಲ್ಲಿ ಅಪಾಯ ಬರುತ್ತದೆ. ಜರ್ಮನಿಯ ಶಸ್ತ್ರವೈದ್ಯ ಲುಡ್ವಿಗ್ ರೇನ್ 1895ರಲ್ಲೇ ಇದನ್ನು ಗುರುತಿಸಿ ಹೇಳಿದ್ದರು.

ಪತ್ತೆಯಾಗುವಾಗ ನಾಲ್ಕರಲ್ಲಿ ಮೂರು ಜನರ ಗಡ್ಡೆ ಒಳಪದರದಲ್ಲೇ ಇರುತ್ತದೆ, ಸ್ನಾಯುವಿಗೆ ಇಳಿದಿರುವುದಿಲ್ಲ. ಅಂಥವರಿಗೆ ಮೂತ್ರದ ದಾರಿಯಿಂದಲೇ ಉಪಕರಣ ಹಾಕಿ ಗಡ್ಡೆಯನ್ನು ಕೆರೆದು ತೆಗೆಯುತ್ತಾರೆ. ಇದಕ್ಕೆ ಟಿಯುಆರ್‌ಬಿಟಿ ಎನ್ನುತ್ತಾರೆ. ಅಪಾಯ ಜಾಸ್ತಿ ಇರುವವರಿಗೆ ಆಮೇಲೆ ಬಿಸಿಜಿಯನ್ನು ಮೂತ್ರಕೋಶದೊಳಗೆ ಬಿಡುತ್ತಾರೆ. ಹೌದು, ಮಗುವಿಗೆ ಕ್ಷಯ ಬರದಿರಲೆಂದು ಹಾಕಿಸುವ ಲಸಿಕೆಯ ಅದೇ ಬ್ಯಾಕ್ಟೀರಿಯಾ. ಸ್ನಾಯುವಿಗೆ ಇಳಿದ ಮೇಲೆ ದಾರಿ ಕಠಿಣ. ಕಿಮೊ ಕೊಟ್ಟು ಇಡೀ ಮೂತ್ರಕೋಶ ತೆಗೆಯಬೇಕಾಗುತ್ತದೆ, ಅಥವಾ ರೇಡಿಯೇಷನ್ ಮತ್ತು ಕಿಮೊ ಒಟ್ಟಿಗೆ ಕೊಡಬೇಕಾಗುತ್ತದೆ.

ಇಡೀ ಒಳಗೋಡೆಯೇ ಹೊಲವಾದಾಗ

ವಿಷ ಬೆರೆತ ಮೂತ್ರ ಒಂದೇ ಜಾಗವನ್ನು ಮುಟ್ಟುವುದಿಲ್ಲ, ಪೂರ್ತಿ ಒಳಗೋಡೆಯನ್ನು ತೊಳೆಯುತ್ತದೆ. ಹಾಗಾಗಿ ಹಾನಿಯೂ ಉದ್ದಕ್ಕೂ ಆಗುತ್ತದೆ. 2020ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ಮೂತ್ರಕೋಶದ ಒಳಪದರದ ನೂರಾರು ಚಿಕ್ಕ ಚಿಕ್ಕ ಚೂರುಗಳನ್ನು ತೆಗೆದು ಡಿಎನ್‌ಎ ಓದಿದರು. ಕ್ಯಾನ್ಸರ್ ಇಲ್ಲದ, ಕಣ್ಣಿಗೆ ಚೆನ್ನಾಗಿಯೇ ಕಾಣುವ ಪದರ ಅದು. ಅದರಲ್ಲೂ ಜೀನ್ ಬದಲಾವಣೆಗಳು ತುಂಬಿದ್ದವು. ಒಬ್ಬರಿಂದ ಒಬ್ಬರಿಗೆ ಮಾತ್ರವಲ್ಲ, ಒಬ್ಬರದೇ ಮೂತ್ರಕೋಶದಲ್ಲಿ ಜಾಗದಿಂದ ಜಾಗಕ್ಕೂ ಅವು ಬೇರೆ ಬೇರೆಯಾಗಿದ್ದವು. ಅಂದರೆ ಗಡ್ಡೆ ಹುಟ್ಟುವ ಮೊದಲೇ ಅದರ ನೆಲ ಏಕರೂಪವಾಗಿರುವುದಿಲ್ಲ.

ಈ ಕ್ಯಾನ್ಸರ್ ಪದೇ ಪದೇ ಮರಳುವುದಕ್ಕೂ ಇಲ್ಲಿ ಸುಳಿವು ಇದೆ. ಒಂದು ಗಡ್ಡೆ ಕೆರೆದರೆ ಆರು ತಿಂಗಳಲ್ಲಿ ಇನ್ನೊಂದು ಕಡೆ ಕಾಣಿಸಿಕೊಳ್ಳಬಹುದು. ಅದು ಹೊಸ ಕ್ಯಾನ್ಸರಾ, ಹಳೆಯದರ ಸಂತಾನವಾ? 1992ರಲ್ಲಿ ಅಮೆರಿಕದ ಸಂಶೋಧಕರು ನಾಲ್ವರು ರೋಗಿಗಳಲ್ಲಿ ಒಬ್ಬೊಬ್ಬರ ಮೂತ್ರಕೋಶದ ಹಲವು ಗಡ್ಡೆಗಳನ್ನು ಹೋಲಿಸಿ ನೋಡಿದರು. ಬೇರೆ ಬೇರೆ ಕಡೆ ಇದ್ದರೂ ಒಬ್ಬರ ಗಡ್ಡೆಗಳೆಲ್ಲ ಒಂದೇ ಮೂಲ ಜೀವಕೋಶದಿಂದ ಬಂದಿದ್ದವು.

ಬೆಂಗಳೂರಿನ ಹೊರವಲಯದ ದೊಡ್ಡ ಆಲದ ಮರ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಕರೆಗಟ್ಟಲೆ ಹರಡಿಕೊಂಡ ಅದನ್ನು ನೋಡಿದರೆ ಹತ್ತಾರು ಮರಗಳ ತೋಪು ಎನಿಸುತ್ತದೆ. ಎಲ್ಲವೂ ಒಂದೇ ಮರದ ಬಿಳಲುಗಳು. ಮೂಲದ ಬೊಡ್ಡೆ ರೋಗ ತಗುಲಿ ಸತ್ತೇ ಹೋಗಿದೆ. ಆದರೂ ಬಿಳಲುಗಳು ತಮ್ಮ ಕಾಲ ಮೇಲೆ ನಿಂತಿವೆ. ಮೂತ್ರಕೋಶದ ಗಡ್ಡೆಗಳೂ ಹಾಗೆಯೇ. ಮೂಲ ಒಂದೇ ಆಗಿದ್ದರೂ ಒಂದೊಂದು ಬಿಳಲು ತನ್ನದೇ ರೀತಿ ಬೆಳೆಯುತ್ತದೆ.

ಕಾಂಡದ ತಪ್ಪು, ಕವಲಿನ ತಪ್ಪು

ಗಡ್ಡೆ ವಿಕಾಸವಾಗುತ್ತದೆ ಎಂಬ ವಿಚಾರ ಹೊಸದಲ್ಲ. ಅಮೆರಿಕದ ವಿಜ್ಞಾನಿ ಪೀಟರ್ ನೋವೆಲ್ 1976ರಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿದ್ದರು. ಒಂದು ಜೀವಕೋಶ ಕೆಟ್ಟು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗುತ್ತದೆ. ಮರಿ ಕೋಶಗಳ ಡಿಎನ್‌ಎಯಲ್ಲಿ ಹೊಸ ತಪ್ಪುಗಳು ಸೇರುತ್ತವೆ. ಬದುಕಲು ಅನುಕೂಲ ಕೊಡುವ ತಪ್ಪು ಇರುವವು ಹೆಚ್ಚುತ್ತವೆ. ಮೂತ್ರಕೋಶಕ್ಕೆ ಬಿಸಿಜಿ ಬಿಟ್ಟರೆ ಗುಣ ಕಾಣುತ್ತದೆ ಎಂದು ಕೆನಡಾದ ಡಾ. ಆಲ್ವಾರೊ ಮೊರಾಲೆಸ್ ಪ್ರಕಟಿಸಿದ್ದೂ ಅದೇ ವರ್ಷ. ಒಂದು ಸಿದ್ಧಾಂತ, ಒಂದು ಚಿಕಿತ್ಸೆ. ಎರಡೂ ಕೈ ಜೋಡಿಸಲು ಇಷ್ಟು ವರ್ಷ ಬೇಕಾಯಿತು.

ಮರದ ಲೆಕ್ಕದಲ್ಲೇ ನೋಡೋಣ. ಮೊದಮೊದಲು ಆದ ತಪ್ಪುಗಳು ಕಾಂಡದಲ್ಲಿ ಇರುತ್ತವೆ. ಅವು ಎಲ್ಲ ಕವಲುಗಳಿಗೂ ಹೋಗಿರುತ್ತವೆ. ಆಮೇಲೆ ಆದವು ಒಂದೊಂದು ಕವಲಿನಲ್ಲಿ ಮಾತ್ರ. ಔಷಧ ಗುರಿಯಿಡುವ ತಪ್ಪು ಕಾಂಡದಲ್ಲಿದ್ದರೆ ಇಡೀ ಮರಕ್ಕೆ ಪೆಟ್ಟು. ಕವಲಿನಲ್ಲಿದ್ದರೆ ಆ ಕವಲು ಒಣಗುತ್ತದೆ, ಉಳಿದವು ಬಿಸಿಲು ಸಿಕ್ಕಿತೆಂದು ಜೋರಾಗಿ ಬೆಳೆಯುತ್ತವೆ. ಹಾಗಾಗಿ ಬದಲಾವಣೆ ಇದೆಯಾ ಎಂದು ಕೇಳಿದರೆ ಅರ್ಧ ಕೇಳಿದಂತೆ. ಎಷ್ಟು ಕೋಶಗಳಲ್ಲಿ ಇದೆ ಎಂದೂ ಕೇಳಬೇಕು. ವರದಿಯ ಹಾಳೆಯಲ್ಲಿ ‘ಪಾಸಿಟಿವ್’ ಎಂಬ ಒಂದೇ ಪದ ನೋಡಿದಾಗ ಈ ಎರಡನೆಯ ಪ್ರಶ್ನೆ ಎಷ್ಟೋ ಸಲ ಮರೆತುಹೋಗುತ್ತದೆ.

ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಕವಲುಗಳು ಇಷ್ಟು ಜಾಸ್ತಿ ಯಾಕೆ? ತಂಬಾಕು ಒಂದು ಕಾರಣ. ಅದಕ್ಕಿಂತ ಅಚ್ಚರಿಯ ಕಾರಣ ನಮ್ಮ ದೇಹದ್ದೇ. ವೈರಸ್ ಒಳಗೆ ಬಂದರೆ ಅದರ ಜೀನ್ ಅಕ್ಷರಗಳನ್ನು ತಿದ್ದಿ ಕೆಡಿಸಲು ನಮ್ಮ ಕೋಶಗಳಲ್ಲಿ ಎಪೊಬೆಕ್ ಎಂಬ ಕಿಣ್ವಗಳಿವೆ. ಈ ಕ್ಯಾನ್ಸರ್‌ನಲ್ಲಿ ಅವು ದಿಕ್ಕು ತಪ್ಪಿ ನಮ್ಮದೇ ಡಿಎನ್‌ಎಯನ್ನು ತಿದ್ದುತ್ತವೆ. ಸ್ನಾಯುವಿಗೆ ಇಳಿದ ಗಡ್ಡೆಗಳಲ್ಲಿ ಕಾಣುವ ತಪ್ಪುಗಳಲ್ಲಿ ದೊಡ್ಡ ಪಾಲು ಇವುಗಳ ಕೈಬರಹವೇ.

ಮೂರನೆಯ ಕಾರಣ ಒಪ್ಪಿಕೊಳ್ಳಲು ಕಷ್ಟ. ಅದು ಚಿಕಿತ್ಸೆಯೇ. 2016ರಲ್ಲಿ ನ್ಯೂಯಾರ್ಕಿನ ವೈಲ್ ಕಾರ್ನೆಲ್ ತಂಡ ಕಿಮೊಗೆ ಮೊದಲಿನ ಮತ್ತು ನಂತರದ ಗಡ್ಡೆಗಳನ್ನು ಹೋಲಿಸಿತು. ಹೆಚ್ಚಿನ ತಪ್ಪುಗಳು ಎರಡರಲ್ಲೂ ಒಂದೇ ಆಗಿರಲಿಲ್ಲ. 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕಾಲದ ಲೆಕ್ಕ ಹಾಕಿತು. ಎಪೊಬೆಕ್‌ನ ತಪ್ಪುಗಳು ಬಹುಪಾಲು ಮೊದಲೇ ಆಗಿ ಕಾಂಡದಲ್ಲಿ ಕೂತಿರುತ್ತವೆ. ಕಿಮೊದಿಂದ ಆಗುವವು ಆಮೇಲೆ ಒಮ್ಮೆಲೇ ಕವಲುಗಳಲ್ಲಿ ಸಿಡಿಯುತ್ತವೆ. ಇದನ್ನು ಓದಿ ಕಿಮೊ ಬೇಡ ಎಂದು ಯಾರೂ ತೀರ್ಮಾನ ಮಾಡಬಾರದು. ಸಿಸ್‌ಪ್ಲಾಟಿನ್ ಕಿಮೊ ಎಷ್ಟೋ ಜನರ ಪ್ರಾಣ ಉಳಿಸಿದೆ. ಕಿಮೊ ಆದ ಮೇಲೂ ಮರಳಿ ಬಂದ ಗಡ್ಡೆಗೆ ಹಳೆಯ ವರದಿ ಹಿಡಿದು ಔಷಧ ಆರಿಸುವುದು ಸರಿಯಲ್ಲ ಎಂಬುದಷ್ಟೇ ಇದರ ಅರ್ಥ.

ಗಡ್ಡೆಗೆ ಹೆಸರಿಡುವ ಕೆಲಸ

ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರಿಡುವ ಕ್ರಮ ಹಳೆಯದು. ಜೀನ್ ಓದಲು ಸಾಧ್ಯವಾದ ಮೇಲೆ ಇನ್ನೊಂದು ಕ್ರಮ ಬಂತು. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆ 2017ರಲ್ಲಿ ಸ್ನಾಯುವಿಗೆ ಇಳಿದ 412 ಗಡ್ಡೆಗಳನ್ನು ಓದಿ ಐದು ಗುಂಪು ಮಾಡಿತು. 2020ರಲ್ಲಿ ಹಲವು ದೇಶಗಳ ತಂಡಗಳು ಸೇರಿ 1,750 ಗಡ್ಡೆಗಳ ಮಾಹಿತಿ ಒಟ್ಟು ಹಾಕಿ ಆರು ಗುಂಪಿಗೆ ಒಪ್ಪಿಕೊಂಡವು. ಒಂದು ತುದಿಯಲ್ಲಿ ಲ್ಯೂಮಿನಲ್ ಗುಂಪು, ಅಂದರೆ ಮೂತ್ರಕೋಶದ ಮೇಲ್ಪದರದ ಕೋಶಗಳನ್ನು ಹೋಲುವವು. ಇನ್ನೊಂದು ತುದಿಯಲ್ಲಿ ಬೇಸಲ್ ಗುಂಪು, ತಳದ ಕೋಶಗಳನ್ನು ಹೋಲುವ ಒರಟು ಸ್ವಭಾವದವು. ಇವೆರಡೂ ಅಲ್ಲದ, ನರಕೋಶದ ಹಾಗೆ ವರ್ತಿಸುವ ಅಪರೂಪದ ಗುಂಪೂ ಇದೆ. ಅದು ತುಂಬಾ ಬೇಗ ಹರಡುತ್ತದೆ.

ಇಷ್ಟಾದ ಮೇಲೆ ಗುಂಪು ನೋಡಿ ಔಷಧ ಕೊಟ್ಟರಾಯಿತು ಎನಿಸಬಹುದು. ತೊಡಕು ಅಲ್ಲೇ ಇದೆ. ಸೂಕ್ಷ್ಮದರ್ಶಕದಲ್ಲಿ ಎರಡು ಮೂರು ರೂಪ ಕಾಣುವ ಗಡ್ಡೆಗಳನ್ನು ತೆಗೆದುಕೊಂಡು, ಅವುಗಳ ಬೇರೆ ಬೇರೆ ಭಾಗಗಳನ್ನು ಪರೀಕ್ಷಿಸಿದಾಗ, ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಗಡ್ಡೆಗಳಲ್ಲಿ ಎರಡು ಗುಂಪು ಒಟ್ಟಿಗೆ ಸಿಕ್ಕಿದವು. ಒಂದು ಮೂಲೆ ಲ್ಯೂಮಿನಲ್, ಪಕ್ಕದ ಮೂಲೆ ಬೇಸಲ್. ವೈದ್ಯರ ಉಪಕರಣ ಯಾವ ಮೂಲೆಯನ್ನು ಕೆರೆಯಿತೋ ಆ ಹೆಸರು ರೋಗಿಗೆ ಅಂಟಿಕೊಳ್ಳುತ್ತದೆ. ಈ ಗುಂಪುಗಳು ಇನ್ನೂ ದಿನನಿತ್ಯದ ಚಿಕಿತ್ಸೆಗೆ ಬರದಿರಲು ಇದು ಮುಖ್ಯ ಕಾರಣಗಳಲ್ಲಿ ಒಂದು.

ಔಷಧ ಕೈತಪ್ಪುವುದು ಹೇಗೆ

ಎರಡು ಉದಾಹರಣೆ ನೋಡಿದರೆ ಸಾಕು.

ಎಫ್‌ಜಿಎಫ್‌ಆರ್3 ಎಂಬ ಜೀನ್ ಕೆಟ್ಟಾಗ ಕೋಶಕ್ಕೆ ‘ಬೆಳೆ, ಬೆಳೆ’ ಎಂಬ ಸೂಚನೆ ನಿಲ್ಲದೆ ಹೋಗುತ್ತಿರುತ್ತದೆ. ಹರಡಿದ ಕ್ಯಾನ್ಸರ್ ಇರುವ ಐವರಲ್ಲಿ ಒಬ್ಬರಲ್ಲಿ ಇದು ಕಾಣುತ್ತದೆ. ಇದನ್ನು ತಡೆಯುವ ಎರ್ಡಾಫಿಟಿನಿಬ್ ಮಾತ್ರೆಗೆ 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಜೀನ್ ಪರೀಕ್ಷೆ ನೋಡಿ ಕೊಡುವ ಔಷಧ ಈ ಕ್ಯಾನ್ಸರ್‌ಗೆ ಬಂದದ್ದು ಅದೇ ಮೊದಲು. ಥಾರ್ ಎಂಬ ಪರೀಕ್ಷೆಯಲ್ಲಿ, ಇಮ್ಯುನೊಥೆರಪಿ ಆದ ಮೇಲೆ ಈ ಮಾತ್ರೆ ತೆಗೆದುಕೊಂಡವರ ಮಧ್ಯಮ ಆಯಸ್ಸು (ಅಂದರೆ ಅರ್ಧದಷ್ಟು ಜನ ದಾಟಿ ಬದುಕಿದ ಅವಧಿ) 12.1 ತಿಂಗಳು, ಕಿಮೊ ತೆಗೆದುಕೊಂಡವರದು 7.8 ತಿಂಗಳು. ಲಾಭ ನಿಜ. ಆದರೆ ಗುರಿ ಸರಿಯಾಗಿ ಸಿಕ್ಕಿದವರಲ್ಲೂ ಲಾಭ ತಿಂಗಳುಗಳ ಲೆಕ್ಕದಲ್ಲೇ ಉಳಿಯಿತು. ಒಂದು ದಾರಿ ಮುಚ್ಚಿದ ಕೂಡಲೇ ಇನ್ನೊಂದು ದಾರಿ ಬಲ್ಲ ಕವಲು ತಲೆ ಎತ್ತುತ್ತದೆ. ಕೆಲವೊಮ್ಮೆ ಅದೇ ಜೀನ್ ಮತ್ತೆ ರೂಪ ಬದಲಿಸಿ ಔಷಧ ಕೂರದಂತೆ ಮಾಡುತ್ತದೆ.

ಇನ್ನೊಂದು ಔಷಧ ಎನ್‌ಫೋರ್ಟುಮ್ಯಾಬ್ ವೆಡೋಟಿನ್. ಇದು ಅಂಚೆಯವನ ಹಾಗೆ. ಗಡ್ಡೆಯ ಕೋಶದ ಹೊರಗೋಡೆಯಲ್ಲಿ ನೆಕ್ಟಿನ್-4 ಎಂಬ ಪ್ರೋಟೀನ್ ಇದ್ದರೆ ಅದನ್ನು ವಿಳಾಸವೆಂದು ಗುರುತಿಸಿ, ವಿಷವನ್ನು ಒಳಗೆ ತಲುಪಿಸುತ್ತದೆ. ಮೂತ್ರಕೋಶದ ಹೆಚ್ಚಿನ ಗಡ್ಡೆಗಳಲ್ಲಿ ಈ ವಿಳಾಸ ಇರುವುದರಿಂದ ಪರೀಕ್ಷೆ ಇಲ್ಲದೆಯೇ ಔಷಧ ಕೊಡುತ್ತಾರೆ. ಆದರೆ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದಾಗ ಅಲ್ಲಿನ ಕೋಶಗಳಲ್ಲಿ ನೆಕ್ಟಿನ್-4 ಎಷ್ಟೋ ಸಲ ಕಡಿಮೆಯಾಗಿರುತ್ತದೆ. ಮೂತ್ರಕೋಶದ ಚೂರಿನಲ್ಲಿ ಕಂಡ ವಿಳಾಸ ಶ್ವಾಸಕೋಶದ ಗಡ್ಡೆಯಲ್ಲಿ ಅಳಿಸಿಹೋಗಿರಬಹುದು.

ರೋಗಿಯ ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಸ್ಕ್ಯಾನ್‌ನಲ್ಲಿ ಲಿವರ್‌ನ ಗಡ್ಡೆ ಕುಗ್ಗಿದೆ, ಮೂಳೆಯದು ಬೆಳೆದಿದೆ. ಔಷಧ ಕೆಲಸ ಮಾಡುತ್ತಿದೆಯಾ ಇಲ್ಲವಾ? ಎರಡೂ ನಿಜ. ಒಂದೇ ದೇಹದಲ್ಲಿ ಬೇರೆ ಬೇರೆ ಸ್ವಭಾವದ ಗಡ್ಡೆಗಳಿವೆ.

ರಕ್ತದಲ್ಲಿ ತೇಲುವ ಗುರುತು

ಈಗ ಬರ್ಲಿನ್‌ನ ಸುದ್ದಿಗೆ ಮರಳೋಣ. ಕ್ಯಾನ್ಸರ್ ಕೋಶಗಳು ಸತ್ತಾಗ ಅವುಗಳ ಡಿಎನ್‌ಎ ತುಣುಕುಗಳು ರಕ್ತಕ್ಕೆ ಬೀಳುತ್ತವೆ. ಮೂತ್ರಕೋಶ ತೆಗೆದ ಮೇಲೂ ಇಂಥ ತುಣುಕು ರಕ್ತದಲ್ಲಿ ಸಿಕ್ಕರೆ ಎಲ್ಲೋ ಕ್ಯಾನ್ಸರ್ ಉಳಿದಿದೆ ಎಂದು ಅರ್ಥ, ಸ್ಕ್ಯಾನ್ ಸ್ವಚ್ಛವಾಗಿದ್ದರೂ ಕೂಡ.

ಮೊದಲು ಸೋತ ಪರೀಕ್ಷೆಯಲ್ಲಿ ಅಪಾಯ ಹೆಚ್ಚಿದ್ದ 809 ರೋಗಿಗಳಿದ್ದರು. ಆಪರೇಷನ್ ಮುಗಿದ ಮೇಲೆ ಅರ್ಧ ಜನರಿಗೆ ಅಟೆಜೊಲಿಜುಮ್ಯಾಬ್, ಉಳಿದವರಿಗೆ ಬರೀ ಪರಿಶೀಲನೆ. ಒಟ್ಟಾರೆ ಲಾಭ ಕಾಣಲಿಲ್ಲ. ಆಮೇಲೆ ಲಂಡನ್ನಿನ ಪ್ರೊ. ಥಾಮಸ್ ಪೌಲ್ಸ್ ಮತ್ತು ಸಂಗಡಿಗರು ಸಂಗ್ರಹಿಸಿಟ್ಟಿದ್ದ ರಕ್ತವನ್ನು ಪರೀಕ್ಷಿಸಿದರು. ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ ಜನರ ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಇತ್ತು. ಔಷಧದಿಂದ ಉಪಯೋಗ ಕಂಡದ್ದು ಅವರಲ್ಲಿ. ಉಳಿದವರಲ್ಲಿ ಇರಲಿಲ್ಲ. ಎಲ್ಲರನ್ನೂ ಸೇರಿಸಿ ಸರಾಸರಿ ತೆಗೆದಾಗ ಆ ಲಾಭ ಮುಚ್ಚಿಹೋಗಿತ್ತು.

ಹಿಂದಕ್ಕೆ ನೋಡಿ ಹೇಳಿದ್ದನ್ನು ಮುಂದಕ್ಕೆ ಪರೀಕ್ಷೆ ಮಾಡಿ ಸಾಬೀತು ಮಾಡಬೇಕಲ್ಲ. ಬರ್ಲಿನ್‌ನಲ್ಲಿ ಮಂಡಿಸಿದ ಇಮ್‌ವಿಗರ್011 ಪರೀಕ್ಷೆ ಅದೇ. ಆಪರೇಷನ್ ಆದವರ ರಕ್ತವನ್ನು ಒಂದು ವರ್ಷದವರೆಗೆ ಮತ್ತೆ ಮತ್ತೆ ಪರೀಕ್ಷಿಸಿದರು. ಡಿಎನ್‌ಎ ಸಿಕ್ಕ 250 ಜನರಲ್ಲಿ ಕೆಲವರಿಗೆ ಔಷಧ, ಕೆಲವರಿಗೆ ಡಮ್ಮಿ. ಔಷಧ ಪಡೆದವರ ಮಧ್ಯಮ ಆಯಸ್ಸು 32.8 ತಿಂಗಳು, ಪಡೆಯದವರದು 21.1 ತಿಂಗಳು. ಡಿಎನ್‌ಎ ಸಿಗದೇ ಉಳಿದವರಿಗೆ ಯಾವ ಔಷಧವನ್ನೂ ಕೊಡಲಿಲ್ಲ. ಅವರಲ್ಲಿ ನೂರಕ್ಕೆ 88 ಜನ ಎರಡು ವರ್ಷವಾದರೂ ಕಾಯಿಲೆ ಮರಳದೆ ಇದ್ದರು. ಅಷ್ಟೂ ಜನರಿಗೆ ದುಬಾರಿ ಔಷಧವೂ ಬೇಕಾಗಲಿಲ್ಲ, ಅದರ ಅಡ್ಡಪರಿಣಾಮವೂ ತಟ್ಟಲಿಲ್ಲ.

ಈ ರಕ್ತಪರೀಕ್ಷೆಯ ಒಳಗಿನ ಜಾಣತನ ನಮ್ಮ ವಿಷಯಕ್ಕೆ ನೇರ ಸಂಬಂಧಿಸಿದ್ದು. ಮೊದಲು ಆ ರೋಗಿಯ ಗಡ್ಡೆಯನ್ನು ಓದುತ್ತಾರೆ. ಅದರಲ್ಲಿ ಕಾಂಡಕ್ಕೆ ಸೇರಿದ ತಪ್ಪುಗಳನ್ನು, 16ರವರೆಗೆ, ಆರಿಸಿಕೊಳ್ಳುತ್ತಾರೆ. ಆಮೇಲೆ ರಕ್ತದಲ್ಲಿ ಹುಡುಕುವುದು ಅವನ್ನೇ. ಯಾವ ಕವಲು ಎಲ್ಲಿ ಅಡಗಿದ್ದರೂ ಕಾಂಡದ ಗುರುತು ಅದರಲ್ಲಿ ಇರಲೇಬೇಕು. ಗಡ್ಡೆಯ ವೈವಿಧ್ಯವನ್ನು ಒಪ್ಪಿಕೊಂಡೇ ಕಟ್ಟಿದ ಪರೀಕ್ಷೆ ಇದು. ನನಗೆ ಈ ಇಡೀ ಬೆಳವಣಿಗೆಯಲ್ಲಿ ತುಂಬಾ ಭರವಸೆ ಕೊಡುವ ಭಾಗವೂ ಇದೇ.

ಮಿತಿಯನ್ನೂ ಹೇಳಬೇಕು. ಔಷಧ ಪಡೆದವರಲ್ಲೂ ಅರ್ಧದಷ್ಟು ಜನರಿಗೆ ಹತ್ತು ತಿಂಗಳೊಳಗೆ ಕ್ಯಾನ್ಸರ್ ಮರಳಿತು. ಪರೀಕ್ಷೆ ‘ಕ್ಯಾನ್ಸರ್ ಇದೆ’ ಎಂದು ಹೇಳುತ್ತದೆ. ‘ಈ ಔಷಧವೇ ಸರಿ’ ಎಂದು ಹೇಳುವುದಿಲ್ಲ.

ಆರಿಸಿ ಕೊಡುವುದಾ, ಎಲ್ಲರಿಗೂ ಕೊಡುವುದಾ?

ಇಲ್ಲಿ ತಜ್ಞರಲ್ಲೇ ಎರಡು ಅಭಿಪ್ರಾಯ.

ಒಂದು ಗುಂಪಿನ ವಾದ ಹೀಗಿದೆ: ಗಡ್ಡೆ ಇಷ್ಟು ವೈವಿಧ್ಯವಾಗಿದ್ದರೆ ಆರಿಸುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಬೇರೆ ಬೇರೆ ರೀತಿ ಹೊಡೆಯುವ ಎರಡು ಬಲವಾದ ಔಷಧಗಳನ್ನು ಶುರುವಿನಲ್ಲೇ ಒಟ್ಟಿಗೆ ಕೊಡಿ. ಒಂದರಿಂದ ತಪ್ಪಿಸಿಕೊಂಡ ಕವಲು ಇನ್ನೊಂದಕ್ಕೆ ಸಿಗುತ್ತದೆ. ಈ ವಾದಕ್ಕೆ ಪುರಾವೆ ಗಟ್ಟಿಯಾಗಿದೆ. 2023ರಲ್ಲಿ ಬಂದ ಇವಿ-302 ಎಂಬ ಪರೀಕ್ಷೆಯ ಫಲಿತಾಂಶದಲ್ಲಿ, ಎನ್‌ಫೋರ್ಟುಮ್ಯಾಬ್ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಪಡೆದವರ ಮಧ್ಯಮ ಆಯಸ್ಸು 31.5 ತಿಂಗಳು, ಕಿಮೊ ಪಡೆದವರದು 16.1 ತಿಂಗಳು. ಹತ್ತಿರಹತ್ತಿರ ಎರಡು ಪಟ್ಟು. ಬರ್ಲಿನ್‌ನ ಎರಡನೆಯ ಸುದ್ದಿಯೂ ಇದೇ ಜೋಡಿಯದು. ಸಿಸ್‌ಪ್ಲಾಟಿನ್ ಆಗದವರಿಗೆ ಅಥವಾ ಬೇಡವೆಂದವರಿಗೆ ಆಪರೇಷನ್‌ಗೆ ಮೊದಲು ಇದನ್ನು ಕೊಟ್ಟಾಗ ನೂರಕ್ಕೆ 57 ಜನರ ಮೂತ್ರಕೋಶದಲ್ಲಿ ಕ್ಯಾನ್ಸರ್ ಉಳಿದಿರಲೇ ಇಲ್ಲ. ಬರೀ ಆಪರೇಷನ್ ಆದವರಲ್ಲಿ ಆ ಸಂಖ್ಯೆ ನೂರಕ್ಕೆ 9ಕ್ಕಿಂತ ಕಡಿಮೆ.

ಇನ್ನೊಂದು ಗುಂಪು ಕೇಳುವುದು: ಉಳಿದ 43 ಜನರ ಗತಿ ಏನು? ಗುಣವಾದ 57ರಲ್ಲಿ ಎಷ್ಟು ಜನರಿಗೆ ಒಂದೇ ಔಷಧ ಸಾಕಿತ್ತು? ಎನ್‌ಫೋರ್ಟುಮ್ಯಾಬ್ ಕೈಕಾಲು ಜೋಮು ಹಿಡಿಸುತ್ತದೆ, ಚರ್ಮದ ಮೇಲೆ ದದ್ದು ತರುತ್ತದೆ, ಅಪರೂಪಕ್ಕೆ ಅದು ಪ್ರಾಣಕ್ಕೂ ಅಪಾಯವಾಗುತ್ತದೆ. ರಕ್ತದ ಸಕ್ಕರೆಯನ್ನೂ ಏರಿಸಬಹುದು. ಮನೆಮನೆಯಲ್ಲೂ ಸಕ್ಕರೆ ಕಾಯಿಲೆ ಇರುವ ನಮ್ಮಂಥ ಕಡೆ ಇದು ಸಣ್ಣ ಮಾತಲ್ಲ. ಬೇಡದವರಿಗೆ ಕೊಟ್ಟರೆ ನೋವೂ ಖರ್ಚೂ ಸುಮ್ನೆ ಹೋದಂತೆ.

ಆರಿಸುವ ಪಕ್ಷಕ್ಕೂ ಸೋಲುಗಳಿವೆ. ಎಫ್‌ಜಿಎಫ್‌ಆರ್3 ಕೆಟ್ಟವರಿಗೆ ಇಮ್ಯುನೊಥೆರಪಿಗಿಂತ ಎರ್ಡಾಫಿಟಿನಿಬ್ ಮೇಲಾಗಬಹುದು ಎಂದು ನಿರೀಕ್ಷಿಸಿದ್ದರು. ನೇರವಾಗಿ ಹೋಲಿಸಿದಾಗ ಆಯಸ್ಸಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಜೀನ್ ಹೊಂದಿತು ಎಂದ ಮಾತ್ರಕ್ಕೆ ಔಷಧ ಗೆಲ್ಲುವುದಿಲ್ಲ.

ಎರಡೂ ಕಡೆಯ ಪುರಾವೆ ನೋಡಿದರೆ, ಜಗಳ ಮೇಲ್ನೋಟಕ್ಕೆ ಕಾಣುವಷ್ಟು ದೊಡ್ಡದಲ್ಲ ಎನಿಸುತ್ತದೆ. ಶುರುವಿನ ಪೆಟ್ಟು ಬಲವಾಗಿರಲಿ, ಅದಕ್ಕೆ ಆರಿಸುವ ಪರೀಕ್ಷೆ ಇನ್ನೂ ಸಿದ್ಧವಾಗಿಲ್ಲ. ಆಮೇಲೆ ನಿಲ್ಲಿಸಬೇಕಾ, ಮುಂದುವರಿಸಬೇಕಾ, ಬದಲಿಸಬೇಕಾ ಎಂಬಲ್ಲಿ ಪರೀಕ್ಷೆ ದಾರಿ ತೋರಿಸಲಿ. ಬರ್ಲಿನ್‌ನ ಎರಡು ಸುದ್ದಿಗಳು ಹೀಗೆ ನೋಡಿದರೆ ಒಂದಕ್ಕೊಂದು ವಿರುದ್ಧವಲ್ಲ, ಚಿಕಿತ್ಸೆಯ ಬೇರೆ ಬೇರೆ ಘಟ್ಟಗಳಿಗೆ ಸೇರಿದವು.

ಮೂತ್ರಕೋಶ ಉಳಿಸಿಕೊಳ್ಳುವ ಆಸೆ

ಮೂತ್ರಕೋಶ ತೆಗೆದರೆ ಬದುಕು ಬದಲಾಗುತ್ತದೆ. ಹೊಟ್ಟೆಯ ಪಕ್ಕ ಚೀಲ ಕಟ್ಟಿಕೊಳ್ಳಬೇಕು, ಇಲ್ಲವೇ ಕರುಳಿನಿಂದ ಹೊಸ ಚೀಲ ಮಾಡಿಸಿಕೊಳ್ಳಬೇಕು. ಅದನ್ನು ತಪ್ಪಿಸಬಹುದಾ ಎಂಬ ಪ್ರಶ್ನೆ ಪ್ರತಿ ರೋಗಿಯದೂ ಹೌದು.

ಅಮೆರಿಕದ ರಿಟೇನ್ ಎಂಬ ಪರೀಕ್ಷೆ ಈ ಆಸೆಯನ್ನು ಜೀನ್ ಪರೀಕ್ಷೆಯ ಮೇಲೆ ನಿಲ್ಲಿಸಿ ನೋಡಿತು. ಡಿಎನ್‌ಎ ರಿಪೇರಿಗೆ ಸಂಬಂಧಿಸಿದ ಕೆಲವು ಜೀನ್‌ಗಳು ಕೆಟ್ಟಿದ್ದರೆ ಸಿಸ್‌ಪ್ಲಾಟಿನ್ ಚೆನ್ನಾಗಿ ಕೆಲಸ ಮಾಡುತ್ತದೆ. ಕಿಮೊ ಮಾಡಿದ ಹಾನಿಯನ್ನು ಗಡ್ಡೆಗೆ ರಿಪೇರಿ ಮಾಡಿಕೊಳ್ಳಲು ಆಗುವುದಿಲ್ಲ. ಅಂಥ ಬದಲಾವಣೆ ಇದ್ದು, ಕಿಮೊ ನಂತರ ಕ್ಯಾನ್ಸರ್ ಕಾಣದಿದ್ದರೆ, ಆಪರೇಷನ್ ಮಾಡದೆ ಕಾದು ನೋಡಿದರು. ಕೆಲವರು ಮೂತ್ರಕೋಶ ಉಳಿಸಿಕೊಂಡು ಚೆನ್ನಾಗಿದ್ದಾರೆ. ಆದರೆ ಕಾದು ನೋಡಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕ್ಯಾನ್ಸರ್ ಮರಳಿತು. ಪರೀಕ್ಷೆ ಮೊದಲೇ ಇಟ್ಟುಕೊಂಡಿದ್ದ ಗುರಿ ಮುಟ್ಟಲಿಲ್ಲ.

ಕಾರಣ ಹುಡುಕಿದರೆ ಮತ್ತೆ ಅಗುಳಿನ ಹತ್ತಿರವೇ ಬರುತ್ತೇವೆ. ಆ ಜೀನ್ ಫಲಿತಾಂಶ ಬಂದದ್ದು ಕೆರೆದು ತೆಗೆದ ಚೂರಿನಿಂದ. ತೆಗೆಯದೇ ಉಳಿದ ಕವಲಿನಲ್ಲಿ ಅದೇ ಬದಲಾವಣೆ ಇರಲೇಬೇಕೆಂದಿಲ್ಲ. ಹಾಗೆಂದು ಆಸೆ ಬಿಡಬೇಕಿಲ್ಲ. ಜೀನ್, ರಕ್ತ, ಮೂತ್ರದ ಡಿಎನ್‌ಎ, ಸ್ಕ್ಯಾನ್ ಎಲ್ಲವನ್ನೂ ಸೇರಿಸಿ ನೋಡುವ ಪರೀಕ್ಷೆಗಳು ನಡೆಯುತ್ತಿವೆ. ಅವು ಮುಗಿಯುವ ತನಕ ಒಂದು ಜೀನ್ ವರದಿ ನೆಚ್ಚಿಕೊಂಡು ಆಪರೇಷನ್ ಬೇಡವೆನ್ನುವುದು ಅಪಾಯ.

ನಮ್ಮ ಆಸ್ಪತ್ರೆಗಳಲ್ಲಿ ಇದರ ಅರ್ಥ

ಮೇಲೆ ಹೇಳಿದ ಅಟ್ಲಾಸ್‌ನ ಗಡ್ಡೆಗಳು ಬಹುಪಾಲು ಬಿಳಿಯ ಅಮೆರಿಕನ್ನರವು. ಬೀಡಿ ಸೇದುವ, ಬೇರೆ ನೀರು ಕುಡಿಯುವ, ಬೇರೆ ಕೆಲಸ ಮಾಡುವ ನಮ್ಮ ಜನರ ಗಡ್ಡೆಗಳ ನಕ್ಷೆ ಅಷ್ಟು ದೊಡ್ಡ ಪ್ರಮಾಣದಲ್ಲಿ ತಯಾರಾಗಬೇಕು. ಆಗಲೇ ‘ಅವರವರಿಗೆ ತಕ್ಕ’ ಎಂಬ ಮಾತಿನಲ್ಲಿ ನಮ್ಮವರೂ ಸೇರುತ್ತಾರೆ.

ಬೆಲೆ ಇನ್ನೊಂದು ಗೋಡೆ. 2024ರ ಜುಲೈನ ಕೇಂದ್ರ ಬಜೆಟ್ ಮೂರು ಕ್ಯಾನ್ಸರ್ ಔಷಧಗಳ ಆಮದು ಸುಂಕ ತೆಗೆದುಹಾಕಿತು. ಅದರಲ್ಲಿ ಡರ್ವಾಲುಮ್ಯಾಬ್ ಎಂಬ ಇಮ್ಯುನೊಥೆರಪಿ ಔಷಧ ಒಂದು. ಇದೇ ಔಷಧವನ್ನು ಕಿಮೊ ಜೊತೆ ಆಪರೇಷನ್‌ನ ಮೊದಲೂ ನಂತರವೂ ಕೊಟ್ಟಾಗ ಎರಡು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 75ರಿಂದ 82ಕ್ಕೆ ಏರಿದ್ದು ಆಮೇಲೆ ಗೊತ್ತಾಯಿತು. ಸುಂಕ ಹೋದರೂ ಇಂಥ ಔಷಧಗಳ ಖರ್ಚು ಸಾಮಾನ್ಯ ಕುಟುಂಬದ ಕೈಗೆ ಎಟುಕುವುದಿಲ್ಲ. ಹಾಗಾಗಿ ಯಾರಿಗೆ ಔಷಧ ಬೇಡ ಎಂದು ಹೇಳುವ ಪರೀಕ್ಷೆ, ಶ್ರೀಮಂತ ದೇಶಗಳಿಗಿಂತ ನಮಗೆ ಜಾಸ್ತಿ ಬೇಕು. ಆ ಪರೀಕ್ಷೆಯೇ ದುಬಾರಿಯಾಗಿ ಉಳಿದರೆ ಮಾತ್ರ ಏನೂ ಪ್ರಯೋಜನವಿಲ್ಲ. ಸರ್ಕಾರಿ ಆರೋಗ್ಯ ಯೋಜನೆಗಳು ಔಷಧದ ಜೊತೆಗೆ ಪರೀಕ್ಷೆಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕಾಲ ಬಂದಿದೆ.

ಇಷ್ಟೆಲ್ಲ ಆಗುವ ಮೊದಲೇ ಮಾಡಬಹುದಾದದ್ದೂ ಇದೆ, ಅದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ನೋವಿಲ್ಲದೆ ಮೂತ್ರದಲ್ಲಿ ಒಂದೇ ಒಂದು ಸಲ ರಕ್ತ ಕಂಡರೂ ಪರೀಕ್ಷೆ ಆಗಬೇಕು. ಹೆಂಗಸರಲ್ಲಿ ಇದನ್ನು ಉರಿಮೂತ್ರದ ಸೋಂಕು ಎಂದು ಮಾತ್ರೆ ಕೊಟ್ಟು ತಿಂಗಳುಗಟ್ಟಲೆ ದೂಡುವುದು ಎಲ್ಲ ದೇಶಗಳಲ್ಲೂ ಕಂಡುಬಂದ ತಪ್ಪು. ತಡವಾದಷ್ಟೂ ಕವಲುಗಳು ಹೆಚ್ಚುತ್ತವೆ.

ಗಡ್ಡೆ ಕೆರೆದ ಮೇಲೆ ವರದಿಯಲ್ಲಿ ಒಂದು ಸಾಲು ಹುಡುಕಬೇಕು: ಚೂರಿನಲ್ಲಿ ಸ್ನಾಯು ಸಿಕ್ಕಿದೆಯಾ? ಸಿಗದಿದ್ದರೆ ಕ್ಯಾನ್ಸರ್ ಎಷ್ಟು ಆಳ ಇಳಿದಿದೆ ಎಂದು ಖಚಿತವಾಗಿ ಹೇಳಲಾಗುವುದಿಲ್ಲ. ಒಳಪದರ ದಾಟಿ ಸ್ನಾಯುವಿನ ಹತ್ತಿರ ಬಂದ ಗಡ್ಡೆಗೆ ಕೆಲವು ವಾರಗಳಲ್ಲಿ ಎರಡನೆಯ ಸಲ ಕೆರೆದು ನೋಡಬೇಕು ಎಂದು ಮಾರ್ಗಸೂಚಿಗಳೇ ಹೇಳುತ್ತವೆ. ಮತ್ತೆ ಯಾಕೆ ಆಪರೇಷನ್ ಎಂದು ಮನೆಯವರು ಅನುಮಾನ ಪಡುವುದು ಸಹಜ. ಮೊದಲ ಸಲ ತಪ್ಪಿಹೋದ ಭಾಗ ಸಿಗುವುದು ಆಗಲೇ.

ಕಾಯಿಲೆ ಮರಳಿದರೆ ಅಥವಾ ಹರಡಿದರೆ, ಹೊಸ ಗಡ್ಡೆಯಿಂದಲೇ ಚೂರು ತೆಗೆಯಲು ಸಾಧ್ಯವಾ ಎಂದು ವೈದ್ಯರನ್ನು ಕೇಳಬಹುದು. ಆಗದಿದ್ದರೆ ರಕ್ತಪರೀಕ್ಷೆಯಿಂದ ಏನಾದರೂ ತಿಳಿಯುತ್ತದಾ ಎಂದು ಕೇಳಬಹುದು. ಮತ್ತೆ, ಮೊದಲ ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಲ್ಯಾಬಿನವರು ಅದನ್ನು ಬ್ಲಾಕ್ ಎನ್ನುತ್ತಾರೆ. ಊರಿನ ಆಸ್ಪತ್ರೆಯಿಂದ ಬೆಂಗಳೂರಿಗೋ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವಾಗ ಜನ ಸ್ಕ್ಯಾನ್ ಸಿಡಿ ಹಿಡಿದುಕೊಂಡು ಹೋಗುತ್ತಾರೆ, ಬ್ಲಾಕ್ ಮರೆಯುತ್ತಾರೆ. ಮುಂದೆ ಯಾವ ಜೀನ್ ಪರೀಕ್ಷೆ ಮಾಡಿಸಬೇಕಾದರೂ, ಕಾಂಡದ ತಪ್ಪು ಹುಡುಕಿ ರಕ್ತಪರೀಕ್ಷೆ ತಯಾರಿಸಬೇಕಾದರೂ ಬೇಕಾಗುವುದು ಆ ಮೇಣದ ತುಂಡು. ಸ್ಲೈಡುಗಳ ಜೊತೆ ಅದನ್ನೂ ಕೇಳಿ ತೆಗೆದುಕೊಂಡು, ಡಬ್ಬಿಯ ಮೇಲೆ ಹೆಸರು, ತಾರೀಕು, ಬಯಾಪ್ಸಿ ನಂಬರ್ ಬರೆದು, ಬಿಸಿಲು ಬೀಳದ ತಂಪು ಜಾಗದಲ್ಲಿ ಇಟ್ಟುಕೊಳ್ಳಬೇಕು.